ತಟ್ಟೆ ಪಕ್ಕದ ಉಕ್ಕಿನ ತುಂಡು

ನಮ್ಮ ಮನೆಯಲ್ಲಿ ಸಂಜೆ ಊಟಕ್ಕೆ ಕೂತರೆ ಮೊದಲು ತಟ್ಟೆ ಬರುತ್ತಿತ್ತು, ಆಮೇಲೆ ಚೊಂಬಿನಲ್ಲಿ ನೀರು, ಆಮೇಲೆ ಒಂದು ಲೋಹದ ತುಂಡು. ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಪ್ಪ ಕೈಕಾಲು ತೊಳೆದು ಬಂದು, ಲುಂಗಿಯ ಮಡಿಕೆಯಿಂದ ಒಂದು ಗುಂಡನೆಯ ತುಂಡು ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದ. ಒಂದು ದಿನ ಹಿತ್ತಾಳೆ, ಇನ್ನೊಂದು ದಿನ ಅಲ್ಯೂಮಿನಿಯಂ, ಹೆಚ್ಚು ದಿನ ಉಕ್ಕು. ಜೊತೆಗೆ ಅಳತೆ ಹಿಡಿಯುವ ವರ್ನಿಯರ್. ಅಡ್ಡ ಅಳೆಯಬೇಕು, ಉದ್ದ ಅಳೆಯಬೇಕು, ಮನಸ್ಸಿನಲ್ಲೇ ಲೆಕ್ಕ ಹಾಕಿ ತೂಕ ಹೇಳಬೇಕು. ಸರಿಯಾಗಿ ಹೇಳಿದರೆ ಅಮ್ಮ ನನ್ನ ಮುದ್ದೆಯ ಮೇಲೆ ತುಪ್ಪ ಹಾಕಬಹುದು. ತಪ್ಪಿದರೆ ತುಪ್ಪದ ಗಿಂಡಿ ಅಪ್ಪನ ತಟ್ಟೆಯ ಆಚೆ ಹೋಗುತ್ತಿತ್ತು. ಇದು ಅಪ್ಪ ಮಾಡಿದ ಕಾನೂನು. ಅಮ್ಮನನ್ನಾಗಲಿ ಅಜ್ಜಿಯನ್ನಾಗಲಿ ಯಾರೂ ಕೇಳಿರಲಿಲ್ಲ. ಅಪ್ಪ ಮಾತ್ರ ಯಾವ ಲೆಕ್ಕವನ್ನೂ ಹೇಳದೆ ದಿನಾ ತುಪ್ಪ ತಿನ್ನುತ್ತಿದ್ದ.

ಆ ಆಟಕ್ಕೆ ಇನ್ನೊಂದು ನಿಯಮವಿತ್ತು. ತುಂಡನ್ನು ಕೈಯಲ್ಲಿ ಎತ್ತಬಾರದು. ಉರುಳಿಸಬಹುದು, ಅರದಿಂದ ಒಂದು ಗೆರೆ ಎಳೆದು ಬಣ್ಣ ನೋಡಬಹುದು, ಅಯಸ್ಕಾಂತ ಹಿಡಿಯಬಹುದು. ಎತ್ತುವ ಹಾಗಿಲ್ಲ. ಒಮ್ಮೆ ಮರೆತು ಎತ್ತಿದ್ದಕ್ಕೆ ವರ್ನಿಯರಿನ ಹಿಂಬದಿಯಿಂದ ಗೆಣ್ಣಿನ ಮೇಲೆ ಹೊಡೆದಿದ್ದ.

"ಎತ್ತಿದ್ರೆ ಕೈ ಹೇಳುತ್ತೆ. ನಂಗೆ ಕೈ ಹೇಳೋದು ಬ್ಯಾಡ, ತಲೆ ಹೇಳ್ಲಿ."

ಮನೆ ಎಂದರೆ ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಹಜಾರ ಮನೆಯದಲ್ಲ, ಅಪ್ಪ ಲೋಹ ಕಡೆಯುವ ಲೇತ್‌ನದು. ನೆಂಟರು ಬಂದರೆ ಲೇತ್ ಪಕ್ಕದಲ್ಲಿ ಹಾದು, ಕಬ್ಬಿಣದ ಸುರುಳಿ ಚೂರು ತುಳಿಯದ ಹಾಗೆ ಸೀರೆ ಎತ್ತಿಕೊಂಡು ಒಳಗೆ ಬರಬೇಕಿತ್ತು. ಬರಬರುತ್ತಾ ನೆಂಟರು ಬರುವುದನ್ನೇ ಬಿಟ್ಟರು. ನಮ್ಮ ಬಟ್ಟೆಗೆ, ಹಾಸಿಗೆಗೆ, ಹಬ್ಬದ ಒಬ್ಬಟ್ಟಿಗೂ ಎಣ್ಣೆಯ ವಾಸನೆ ಹತ್ತಿರುತ್ತಿತ್ತು. ಅಪ್ಪನ ತಾಯಿ, ನನ್ನ ಅಜ್ಜಿ, ಆ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವಳು. ಸುತ್ತಲಿನ ಹೊಲವೆಲ್ಲ ಕಾರ್ಖಾನೆಗಳ ಶೆಡ್ಡಿಗೆ ಹೋದ ಮೇಲೆ ಉಳಿದ ತುಂಡಿನಲ್ಲಿ ನಾವಿದ್ದೆವು. ಅಜ್ಜಿಗೆ ಲೇತ್ ಎಂದರೆ ಮನೆಗೆ ಕಟ್ಟಿದ ಎತ್ತು. ಅಮಾವಾಸ್ಯೆಯ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ಒಂದು ಹಗಲು ಪೂರ್ತಿ ಬಿಡುವು ಕೊಡಿಸುತ್ತಿದ್ದಳು. ಯಾರ ಮಾತಿಗೂ ಬಗ್ಗದ ಅಪ್ಪ ಈ ಒಂದು ಮಾತಿಗೆ ಬಗ್ಗುತ್ತಿದ್ದ. ಎಷ್ಟೇ ಅರ್ಜೆಂಟ್ ಕೆಲಸವಿದ್ದರೂ ಅಮಾವಾಸ್ಯೆಗೆ ಸ್ವಿಚ್ ಹಾಕುತ್ತಿರಲಿಲ್ಲ. ಹಾಗಾಗಿ ತಿಂಗಳಲ್ಲಿ ಆ ಒಂದು ದಿನ ನಮ್ಮ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೂಗದೆಯೇ ಕೇಳಿಸುತ್ತಿತ್ತು. ಕೇಳಿಸುತ್ತಿದ್ದದ್ದು ಬಹುಪಾಲು ಜಗಳವೇ.

ಅಪ್ಪನ ಮೂಗಿನ ತುದಿಯ ಕೋಪಕ್ಕೆ ಒಂದು ಗುರಿಯಿತ್ತು. ಅದು ಡಿಪ್ಲೊಮಾ ಓದಿದವರು. ಅವನು ಕಡೆದು ಕೊಟ್ಟ ಪಿನ್ನು, ಬುಶ್ಶುಗಳನ್ನು ದೊಡ್ಡ ಕಾರ್ಖಾನೆಯೊಂದಕ್ಕೆ ಒಪ್ಪಿಸಬೇಕಿತ್ತು. ಅಲ್ಲಿ ಗಾಜಿನ ಕೋಣೆಯಲ್ಲಿ ಕೂತ ಇನ್‌ಸ್ಪೆಕ್ಟರುಗಳು ಅಳೆದು, ಕೂದಲೆಳೆ ಹೆಚ್ಚುಕಮ್ಮಿಯಾದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುತ್ತಿದ್ದರು. ಹಾಗೆ ವಾಪಸ್ ಬಂದ ದಿನ ಅಪ್ಪ ಮನೆಗೆ ಬರುವ ಮೊದಲೇ ಅವನ ಬೈಗುಳ ಬಂದಿರುತ್ತಿತ್ತು.

"ಒಂದಿನಾನಾದ್ರೂ ಟೂಲ್ ಹಿಡ್ದವ್ರಾ ಇವ್ರು? ಎಸಿಲಿ ಕೂತ್ಕೊಂಡು ಕೆಂಪು ಬಳಿಯೋಕೆ ಡಿಪ್ಲೊಮಾ ಬೇರೆ ಕೇಡು!"

ಆ ಸಿಟ್ಟನ್ನು ಕಾರ್ಖಾನೆಯಲ್ಲಿ ತೋರಿಸುವ ಹಾಗಿರಲಿಲ್ಲ. ಅಲ್ಲಿ ಅವನು ಕೈಕಟ್ಟಿ, "ಆಯ್ತು ಸಾರ್, ಮಾಡ್ಕೊಡ್ತೀನಿ ಸಾರ್" ಎನ್ನುತ್ತಿದ್ದುದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಆ ಸಿಟ್ಟೆಲ್ಲ ಮನೆಗೆ ಬಂದು, ಸಾರಿಗೆ ಉಪ್ಪು ಕಮ್ಮಿ ಎಂದೋ, ನನ್ನ ಜಡೆ ಬಿಚ್ಚಿದೆ ಎಂದೋ ಇಳಿಯುತ್ತಿತ್ತು. ತಟ್ಟೆ ಪಕ್ಕದ ಪರೀಕ್ಷೆಯೂ ಅದರದೇ ಒಂದು ಕೊಂಬೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಮನೆಯಲ್ಲಿ ಅವನು ಗಾಜಿನ ಕೋಣೆಯವನು. ಕೆಂಪು ಬಣ್ಣ ಬಳಿಸಿಕೊಳ್ಳುವ ತುಂಡು ನಾನು.

ಆದರೆ ಅವನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ನಡೆಯಿತು. ನನಗೆ ಆ ಕೆಲಸ ಬಂದುಬಿಟ್ಟಿತು. ಮೊದಮೊದಲು ವ್ಯಾಸವನ್ನು ಅರ್ಧ ಮಾಡುವುದನ್ನೇ ಮರೆತು, ನಾಲ್ಕು ಪಟ್ಟು ತೂಕ ಹೇಳಿ ಒಣ ಮುದ್ದೆ ನುಂಗುತ್ತಿದ್ದೆ. ಆಮೇಲೆ ಕ್ರಮ ಹಿಡಿಯಿತು. ವ್ಯಾಸದ ಅರ್ಧ ತ್ರಿಜ್ಯ. ತ್ರಿಜ್ಯವನ್ನು ಅದರಿಂದಲೇ ಗುಣಿಸಿ, ಪೈನಿಂದ ಗುಣಿಸಿ, ಉದ್ದದಿಂದ ಗುಣಿಸಿದರೆ ಘನಫಲ. ಅದನ್ನು ಆ ಲೋಹದ ಸಾಂದ್ರತೆಯಿಂದ ಗುಣಿಸಿದರೆ ದ್ರವ್ಯರಾಶಿ, ಅಂದರೆ ತೂಕ. ಉಕ್ಕಿಗೆ ಏಳು ಪಾಯಿಂಟ್ ಎಂಟು ಐದು, ಬೀಡು ಕಬ್ಬಿಣಕ್ಕೆ ಏಳು ಪಾಯಿಂಟ್ ಎರಡು, ಹಿತ್ತಾಳೆಗೆ ಎಂಟೂವರೆ, ಅಲ್ಯೂಮಿನಿಯಂಗೆ ಎರಡು ಪಾಯಿಂಟ್ ಏಳು. ಬೇರೆ ಮಕ್ಕಳು ಮಗ್ಗಿ ಹೇಳುವ ಹಾಗೆ ನಾನು ಇವನ್ನು ಹೇಳಿಕೊಂಡು ಶಾಲೆಗೆ ನಡೆಯುತ್ತಿದ್ದೆ. ಹೈಸ್ಕೂಲು ಮುಗಿಯುವ ಹೊತ್ತಿಗೆ ತುಪ್ಪ ತಪ್ಪಿದ ದಿನಗಳೇ ಅಪರೂಪವಾದವು. ನಾನು ಗೆದ್ದ ದಿನ ಅಪ್ಪನಿಗೆ ಹೆಮ್ಮೆಯಾಗುತ್ತದೆ ಎಂದು ಕಾದೆ. ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಹೂಂ, ತಿನ್ನು."

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ನಾನು ಪಾಲಿಟೆಕ್ನಿಕ್‌ಗೆ ಹೋಗುತ್ತೇನೆ ಎಂದೆ. ಮೆಕ್ಯಾನಿಕಲ್ ಡಿಪ್ಲೊಮಾ. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಪ್ಪ ಮೊದಲು ಕೇಳಿಸಲಿಲ್ಲವೆಂಬಂತೆ ಮುದ್ದೆ ಮುರಿದ. ನಾನು ಮತ್ತೆ ಹೇಳಿದೆ.

"ಕಾಮರ್ಸ್ ತಗೋ. ಎರಡು ವರ್ಷ ಓದು, ಆಮೇಲೆ ನೋಡೋಣ."

"ನಂಗೆ ಕಾಮರ್ಸ್ ಬೇಡ ಅಪ್ಪಾ. ಮೆಕ್ಯಾನಿಕಲ್ಲೇ ಬೇಕು."

"ಯಾಕೆ? ನಾಳೆ ಗಾಜಿನ ರೂಮಲ್ಲಿ ಕೂತು ನನ್ ಪೀಸಿಗೇ ಕೆಂಪು ಬಳಿಯೋಕಾ?"

"ನಿನ್ ಪೀಸು ಸರಿಗಿದ್ರೆ ಯಾಕ್ ಬಳೀತಾರೆ?"

ಕೆನ್ನೆಗೆ ಬಿತ್ತು. ಆ ಏಟಿಗಿಂತ ಅಜ್ಜಿ ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಒಡೀಬ್ಯಾಡ ಕಣ್ಲಾ, ಎಣ್ ಮಗ ಅದು. ಓದ್ತೀನಿ ಅಂದ್ರೆ ಓದ್ಲಿ ಬುಡು." ಅಪ್ಪ ತಾಯಿಯ ಕಡೆ ನೋಡಲಿಲ್ಲ. ಇನ್ನೊಂದು ತುತ್ತು ನುಂಗಿ, ಆಮೇಲೆ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

"ಆಯ್ತು ಕಣೇ ಕೋಮ್ಲಾ. ಅಮಾಸೆ ಕಳೀಲಿ. ಒಂದು ಪೀಸ್ ಇಡ್ತೀನಿ. ಐವತ್ತು ಗ್ರಾಂ ಆಚೀಚೆ ಆದ್ರೂ ಸರಿ, ತೂಕ ಹೇಳು, ಮಾರನೇ ದಿನಾನೇ ಕರ್ಕೊಂಡೋಗಿ ಸೇರಿಸ್ತೀನಿ. ತಪ್ಪಿದ್ರೆ ಮೆಕ್ಯಾನಿಕಲ್ ಅನ್ನೋ ಮಾತು ಈ ಮನೇಲಿ ಬರಬಾರದು. ಅವ್ವ, ನೀನೇ ಸಾಕ್ಷಿ."

ನಾನು ಎರಡನೇ ಮಾತಿಲ್ಲದೆ ಒಪ್ಪಿದೆ. ಒಪ್ಪದೆ ಏನು ಮಾಡಲಿ, ಅವನೇ ಕಲಿಸಿದ ಆಟ, ನಾನು ಸೋಲುವ ಆಟವೇ ಅಲ್ಲ. ಅಮ್ಮ ಮಾತ್ರ ಪಾತ್ರೆ ತೊಳೆಯುವಾಗ, "ನಿಮ್ಮಪ್ಪ ಇಷ್ಟು ಸುಲಭಕ್ಕೆ ಒಪ್ಪೋ ಪೈಕಿ ಅಲ್ವಲ್ಲೇ" ಎಂದು ಮೆಲ್ಲಗೆ ಹೇಳಿದಳು.

ಅಮಾವಾಸ್ಯೆ ಬಂತು. ಅಜ್ಜಿ ಬೆಳಿಗ್ಗೆಯೇ ಲೇತ್‌ಗೆ ಕುಂಕುಮ ಇಟ್ಟಳು. ಅಮ್ಮನೂ ನಾನೂ ಜಾಲಹಳ್ಳಿ ಕ್ರಾಸಿನ ಕಡೆ ಸಾಮಾನು ತರಲು ಹೋದೆವು. ವಾಪಸ್ ಬಂದರೆ ಅಜ್ಜಿ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಅಮಾಸೆ ದಿನ ಮಿಸೀನ್ ತಿರುಗ್ಸವ್ನೆ ಕಣವ್ವ ನಿನ್ ಗಂಡ. ಕುಂಕ್ಮ ಇನ್ನಾ ಆರಿಲ್ಲ. ಇಂಗೆ ಮಾಡುದ್ರೆ ಉದ್ದಾರ ಆದಾತಾ?"

ಅಪ್ಪ ಒಳಗಿನಿಂದಲೇ, ಕಾರ್ಖಾನೆಯವರು ಕತ್ತಿನ ಮೇಲೆ ಕೂತಿದ್ದಾರೆ, ಸುಮ್ಮನಿರು ಎಂದು ಗದರಿದ. ಅಜ್ಜಿ ಆ ದಿನ ಪೂರ್ತಿ ಅವನ ಜೊತೆ ಮಾತಾಡಲಿಲ್ಲ. ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಅವರಿಬ್ಬರ ಜಗಳ ಅವರಿಗೆ, ನನ್ನ ಪಾಲಿಟೆಕ್ನಿಕ್ ನನಗೆ.

ಮರುದಿನ ಸಂಜೆ ತಟ್ಟೆ ಬಂತು, ನೀರು ಬಂತು, ತುಂಡು ಬಂತು. ಸಾಣೆ ಕಾಗದದಿಂದ ಉಜ್ಜಿ ಹೊಳಪು ಬರಿಸಿದ ದಪ್ಪ ಉಕ್ಕಿನ ತುಂಡು. ನಮ್ಮಪ್ಪ ನನಗಾಗಿ ಇಷ್ಟು ಚೆಂದದ ವಸ್ತು ಯಾವತ್ತೂ ಮಾಡಿರಲಿಲ್ಲ. ನಾನು ಅರದಿಂದ ಗೆರೆ ಎಳೆದೆ, ಅಯಸ್ಕಾಂತ ಹಿಡಿದೆ. "ಉಕ್ಕಲ್ವಾ?" ಎಂದೆ. "ಉಕ್ಕೇ, ಅದ್ರಲ್ಲೇನು ಡೌಟು?" ಎಂದ. ವ್ಯಾಸ ಐದು ಸೆಂಟಿಮೀಟರ್, ತ್ರಿಜ್ಯ ಎರಡೂವರೆ, ಅದರ ವರ್ಗ ಆರೂಕಾಲು. ಉದ್ದ ಹತ್ತು. ಘನಫಲ ನೂರಾ ತೊಂಬತ್ತಾರು ಘನ ಸೆಂಟಿಮೀಟರ್. ಉಕ್ಕಿನ ಸಾಂದ್ರತೆಯಿಂದ ಗುಣಿಸಿದೆ. ಮತ್ತೊಮ್ಮೆ ಗುಣಿಸಿ ನೋಡಿದೆ. ಅದೇ ಬಂತು.

"ಒಂದು ಕಿಲೋ ಐನೂರ ನಲವತ್ತು ಗ್ರಾಂ."

ಗುಜರಿಗೆ ಹಾಕುವ ಚೂರು ತೂಗುವ ತಕ್ಕಡಿಯನ್ನು ಅಪ್ಪ ಆಗಲೇ ಒಳಗೆ ತಂದಿಟ್ಟಿದ್ದ. ತುಂಡನ್ನು ತಾನೇ ಎತ್ತಿ ಒಂದು ತಟ್ಟೆಗಿಟ್ಟ. ಇನ್ನೊಂದಕ್ಕೆ ಒಂದು ಕಿಲೋ ಕಲ್ಲು, ಇನ್ನೂರರದು, ಐವತ್ತರದು. ಮುಳ್ಳು ನೆಟ್ಟಗೆ ನಿಂತಿತು. ಒಂದು ಕಿಲೋ ಇನ್ನೂರೈವತ್ತು. ಕಲ್ಲು ಸರಿಯಿಲ್ಲ ಎಂದೆ. ಅಂಗಡಿಯಿಂದ ತಂದ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟು ತೋರಿಸಿದ. ಕಲ್ಲು ಸರಿಯಾಗಿತ್ತು.

"ಮುನ್ನೂರು ಗ್ರಾಂ ಹತ್ರ ತಪ್ಪು. ಇವಳಂತೆ, ಡಿಪ್ಲೊಮಾ ಅಂತೆ! ಅವ್ವ, ನೋಡ್ದಲ್ಲ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ತುಪ್ಪದ ಗಿಂಡಿಯನ್ನು ಎಳೆದುಕೊಂಡು ತನ್ನ ಮುದ್ದೆಯ ಮೇಲೆ ಎರಡು ಸಲ ಬಗ್ಗಿಸಿಕೊಂಡ. ನಾನು ತಟ್ಟೆ ಬಿಟ್ಟು ಎದ್ದೆ. ಅವನ ಮೇಲಲ್ಲ, ನನ್ನ ಮೇಲೇ ನನಗೆ ಅಸಹ್ಯವಾಗಿತ್ತು. ಇಷ್ಟು ವರ್ಷ ಬಂದದ್ದು ಅವತ್ತೇ ಯಾಕೆ ಕೈಕೊಟ್ಟಿತು? ತುಂಡು ಕಿಟಕಿಯ ಮೇಲೆ ಉಳಿಯಿತು. ನೋಡಿದಾಗಲೆಲ್ಲ ಹೊಟ್ಟೆ ಉರಿಯಲಿ ಎಂದು ಅಪ್ಪನೇ ಅಲ್ಲಿ ಇಟ್ಟಿದ್ದ.

ಅಲ್ಲಿ ಇಟ್ಟದ್ದು ಅವನ ತಪ್ಪು. ಮರುದಿನ ಅವನು ಕಬ್ಬಿಣ ಕೊಳ್ಳಲು ಹೋದ ಮೇಲೆ ನಾನು ಮತ್ತೆ ಅಳೆದೆ. ಅಡ್ಡ ಅದೇ, ಉದ್ದ ಅದೇ. ಅಳತೆ ಸರಿ, ತಕ್ಕಡಿ ಸರಿ ಎಂದಮೇಲೆ ಉಳಿದದ್ದು ಲೋಹ. ಲೆಕ್ಕವನ್ನು ತಿರುಗಾ ಮುರುಗಾ ಮಾಡಿದೆ. ತೂಕವನ್ನು ಘನಫಲದಿಂದ ಭಾಗಿಸಿದರೆ ಸಾಂದ್ರತೆ ಬರಬೇಕು. ಬಂದದ್ದು ಆರು ಪಾಯಿಂಟ್ ನಾಲ್ಕು. ಉಕ್ಕಲ್ಲ, ಬೀಡಲ್ಲ, ಹಿತ್ತಾಳೆಯಂತೂ ಅಲ್ಲ. ನಮ್ಮ ಲೇತ್ ಕಂಡ ಯಾವ ಲೋಹವೂ ಅಲ್ಲ. ಮೊದಲ ಸಲ ನಾನು ಆ ತುಂಡನ್ನು ಕೈಯಲ್ಲಿ ಎತ್ತಿದೆ. ಹಗುರವಾಗಿತ್ತು. ಬಿಸಿಲಿಗೆ ಕಾದ ತುಂಡಿನ ತಳದಲ್ಲಿ, ಹೊಳಪಿನ ನಡುವೆ, ಕೂದಲಿನಷ್ಟು ತೆಳುವಾದ ಒಂದು ಉಂಗುರ ಕಾಣಿಸಿತು. ಅದರ ಸುತ್ತ ಎಣ್ಣೆ ಜಿನುಗಿತ್ತು. ಗಟ್ಟಿ ಉಕ್ಕಿನಿಂದ ಎಣ್ಣೆ ಜಿನುಗುವುದಿಲ್ಲ. ಅಮಾವಾಸ್ಯೆಯ ದಿನ ಲೇತ್ ತಿರುಗಿದ್ದು ಯಾರ ಅರ್ಜೆಂಟಿಗೆ ಎಂದು ಆಗ ನನಗೆ ಅರ್ಥವಾಯಿತು.

ತುಂಡನ್ನು ವೈಸಿಗೆ ಬಿಗಿದು ಗರಗಸ ಹಿಡಿದೆ. ಲೇತ್ ಕೋಣೆಯ ಯಾವ ಹತ್ಯಾರನ್ನೂ ನಾನು ಮುಟ್ಟಬಾರದಿತ್ತು. ಸದ್ದು ಕೇಳಿ ಅಮ್ಮ ಓಡಿಬಂದಳು. ಬೈಯುತ್ತಾಳೆ ಎಂದುಕೊಂಡೆ. ನಾನು ಆ ಉಂಗುರ ತೋರಿಸಿದೆ. ಅವಳು ನೋಡಿದಳು, ಹೋಗಿ ಬೀದಿ ಬಾಗಿಲ ಅಗುಳಿ ಹಾಕಿಕೊಂಡು ಬಂದಳು. ನನ್ನ ತೋಳು ಸೋತಾಗ ಸೆರಗು ಸಿಕ್ಕಿಸಿಕೊಂಡು ತಾನೂ ಕೊಯ್ದಳು. ಇಬ್ಬರ ಕೈಯ ಓಟ ಬೇರೆ ಬೇರೆ, ಗರಗಸ ಅತ್ತಿತ್ತ ಹೋಯಿತು. ಸ್ವಲ್ಪ ಆಳಕ್ಕೆ ಇಳಿದದ್ದೇ ಬ್ಲೇಡು ಸಟಕ್ಕನೆ ಹಗುರಾಗಿ, ಸೀಳಿನಿಂದ, ಲೋಹ ಕೊರೆಯುವಾಗ ಸುರಿಯುವ ಹಾಲಿನ ಬಣ್ಣದ ಎಣ್ಣೆನೀರು ಸೋರಿತು. ಎರಡಾಗಿ ಬಿದ್ದ ಮೇಲೆ ನೋಡಿದರೆ ನಡುವೆ ಹೆಬ್ಬೆರಳು ಸಲೀಸಾಗಿ ಹೋಗುವ ತೂತು. ಒಂದು ಕಡೆಯಿಂದ ಉದ್ದಕ್ಕೆ ಕೊರೆದು, ಅದೇ ಉಕ್ಕಿನ ಬಿರಡೆ ಬಡಿದು, ಗೀರು ಕಾಣದ ಹಾಗೆ ಕಡೆದು, ಉಜ್ಜಿ ಹೊಳಪು ಕೊಟ್ಟಿದ್ದ. ನಿಜ ಹೇಳುತ್ತೇನೆ, ಅಷ್ಟು ನಾಜೂಕಿನ ಕೆಲಸವನ್ನು ಅವನು ಕಾರ್ಖಾನೆಗೂ ಮಾಡಿ ಕೊಟ್ಟಿರಲಿಲ್ಲ. ಮಗಳನ್ನು ಸೋಲಿಸಲು ಮಾಡಿದ್ದ. ನಾನು ಅಲ್ಲೇ ಕಬ್ಬಿಣದ ಚೂರುಗಳ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ದ್ವೇಷ ಎಂದರೆ ಏನು ಎಂದು ನನಗೆ ತಿಳಿದದ್ದು ಆ ಮಧ್ಯಾಹ್ನ.

ಸಂಜೆ ಅಪ್ಪ ಊಟಕ್ಕೆ ಕೂತ. ತಟ್ಟೆ ಬಂತು, ನೀರು ಬಂತು. ತುಂಡು ತಂದವಳು ಈ ಸಲ ನಾನು. ಎರಡು ಹೋಳುಗಳನ್ನು, ತೂತು ಮೇಲೆ ಕಾಣುವ ಹಾಗೆ, ಅವನ ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದೆ. ಅವನು ಒಂದು ಹೋಳನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿನಿಂದ ಅಂಚು ಸವರಿದ.

"ಕೊಯ್ದಿರೋದು ಸೊಟ್ಟ."

ಇಷ್ಟೇ. ಇದಿಷ್ಟೇ ಅವನ ಬಾಯಿಂದ ಬಂದದ್ದು. ಹೋಳು ಕೆಳಗಿಟ್ಟು ಮುದ್ದೆಗಾಗಿ ತಟ್ಟೆ ಮುಂದೆ ತಳ್ಳಿದ. ಅಮ್ಮ ಬಡಿಸಲಿಲ್ಲ. ಮುದ್ದೆಯ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದ್ಲು ತೂಕ ಹೇಳಿ. ಆಮೇಲೆ ಊಟ."

"ಏನಂದೆ?"

"ನಿಮ್ಮದೇ ಕಾನೂನು. ಎತ್ತದೆ ಹೇಳಬೇಕಿತ್ತು, ಎತ್ತಿಬಿಟ್ರಿ. ಹೋಗ್ಲಿ, ತೂತು ಬಿಟ್ಟು ತೂಕ ಎಷ್ಟು ಅಂತಾನಾದ್ರೂ ಹೇಳಿ."

ಅಪ್ಪ ತಾಯಿಯ ಕಡೆ ತಿರುಗಿದ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದವಳು ತಲೆ ಎತ್ತದೆ, "ನಾನು ಸಾಕ್ಸಿ ಅಲ್ವೇನ್ಲಾ? ಯೋಳು ಮತ್ತೆ" ಎಂದಳು. ಅವನು ಕೆಂಡಾಮಂಡಲವಾಗಿ ಎದ್ದ. ಚೊಂಬು ಒದ್ದ. ನೀರು ಅಡುಗೆಮನೆಯ ತನಕ ಹರಿಯಿತು. ಯಾರೂ ಅವನನ್ನು ಕರೆಯಲಿಲ್ಲ. ನಾವು ಮೂವರು ಹೆಂಗಸರು ಆ ಒದ್ದೆ ನೆಲದ ಮೇಲೆಯೇ ಕೂತು ಉಂಡೆವು. ಅಮ್ಮ ನನ್ನ ಮುದ್ದೆಗೆ ತುಪ್ಪ ಬಗ್ಗಿಸಿದಳು, ಅಜ್ಜಿಯದಕ್ಕೂ, ಆಮೇಲೆ ತನ್ನದಕ್ಕೂ. ಅಮ್ಮ ತುಪ್ಪ ಹಾಕಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. ಪಾಲಿಟೆಕ್ನಿಕ್ ತನಕ ನನಗಿಂತ ಮುಂದೆ ಮುಂದೆ ನಡೆದ. ಸಹಿ ಹಾಕಿದ, ಬಸ್ಸು ಹತ್ತಿಸಿದ. ಮುಂದೆ ಯಾವ ಸಂಜೆಯೂ ನನ್ನ ತಟ್ಟೆಯ ಪಕ್ಕದಲ್ಲಿ ತುಂಡು ಇಡಲಿಲ್ಲ. ನನ್ನ ಜೊತೆ ಅವನಿಗೆ ಬೇರೆ ಮಾತು ಇರಲಿಲ್ಲವಾದ್ದರಿಂದ ನಮ್ಮ ಮಾತೂ ಅಲ್ಲಿಗೆ ನಿಂತಿತು. ನಾನು ಓದಿದೆ, ಗಾಜಿನ ಕೋಣೆಯಲ್ಲಿ ಕೂತೆ, ಕೆಂಪು ಬಣ್ಣ ಬಳಿದೆ. ಈಗಲೂ ಬಳಿಯುತ್ತೇನೆ. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು, ಅಳೆಯುವುದಕ್ಕೆ ಮುಂಚೆ ಎತ್ತಿ ನೋಡಿ ಎಂದು.

ಅಜ್ಜಿ ಇಲ್ಲ, ಅಮ್ಮನೂ ಇಲ್ಲ. ಲೇತ್ ಮಾರಿಹೋಯಿತು. ಅಪ್ಪ ನನ್ನ ಮನೆಯಲ್ಲಿದ್ದಾನೆ. ಕೋಪ ಹಾಗೇ ಇದೆ, ಹಲ್ಲು ಮಾತ್ರ ಹೋಗಿವೆ. ವಯಸ್ಸಾಯಿತಲ್ಲ, ಕ್ಷಮಿಸಿಬಿಡು ಎನ್ನುತ್ತಾರೆ ನೆರೆಹೊರೆಯವರು. ನಾನು ಕ್ಷಮಿಸಿಲ್ಲ. ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತೇನೆ, ಮುದ್ದೆಯನ್ನು ಮೆತ್ತಗೆ ಮಾಡಿಸುತ್ತೇನೆ, ಅದು ಬೇರೆ ವಿಷಯ. ಕಳೆದ ಭಾನುವಾರ ಅವನಿಗೆ ಬಡಿಸುತ್ತಿದ್ದವಳು, ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದ ಒಂದು ಪ್ರಶ್ನೆ ಕೇಳಿಯೇಬಿಟ್ಟೆ.

"ಅಪ್ಪಾ, ಅವತ್ತು ಆ ಪೀಸನ್ನ ಯಾಕೆ ಕೊರೆದೆ?"

ಮರೆತಿದ್ದಾನೆ ಎಂದುಕೊಂಡಿದ್ದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಯೋಚಿಸಲೂ ಇಲ್ಲ.

"ಇನ್ನೇನ್ ಮಾಡ್ಲಿ? ಕೊರೀದಿದ್ರೆ ನೀನು ಸರಿಯಾಗಿ ಹೇಳ್ಬಿಡ್ತಿದ್ದೆ."

ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು. ಚಿಕ್ಕಂದಿನಿಂದ ನಾನು ಕಾದಿದ್ದ ಮಾತು ಅದು. ಬಂದಾಗ ದೂರಿನ ಹಾಗೆ ಬಂತು. ಆದರೂ ಉತ್ತರ ಸರಿಯಾಗಿತ್ತು, ಒಂದು ಗ್ರಾಂ ಕೂಡ ಆಚೀಚೆ ಇರಲಿಲ್ಲ. ನಮ್ಮ ಮನೆಯ ಕಾನೂನಿನ ಪ್ರಕಾರ ಅವನ ಮುದ್ದೆಗೆ ತುಪ್ಪ ಹಾಕಬೇಕಿತ್ತು. ನಾನು ಹಾಕಲಿಲ್ಲ.